ಲೋಟದಡಿಯ ಬಿಲ್ಲೆ



ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಬಿಯರಿನ ವಿಷಯವಾಗಿ ಮಾತನಾಡಲು ಹೊರಟಿದ್ದಾನೆಂದರೆ ತಮ್ಮಲ್ಲಿ ಕೆಲವರು ರೇಡಿಯೋದ ಕಿವಿ ಹಿಂಡಿ ಬೇರೆ ನಿಲಯವನ್ನು ಹುಡುಕಿಯಾರು. ಸ್ವಲ್ಪ ತಾಳಬೇಕೆಂದು ಪ್ರಾರ್ಥನೆ. ನನ್ನ ಸಮರ್ಥನೆಗೆ ಶಾಸ್ತ್ರಾಧಾರವಿದೆ. ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳನ್ನು ಪಟ್ಟಿಮಾಡಿದ ದಂಡಿ ನಗರ, ಸಮುದ್ರ, ಪರ್ವತ, ಋತುಗಳ ಸಾಲಿನಲ್ಲಿಯೇ ಮಧುಪಾನಕ್ಕೂ ಮಣೆ ಹಾಕಿದ್ದಾನೆ. ನಮ್ಮ ಪಂಪ ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ವರ್ಣಿಸಲು ಹಿಂಜರಿಯಲಿಲ್ಲ. ಹಿಂಜರಿದವನು ನಾನು. ತರಗತಿಯಲ್ಲಿ ಆ ಭಾಗ ಎದುರಾದಾಗಲೆಲ್ಲ, “ಇದು ಸುಲಭವಾಗಿದೆ, ಮನೆಯಲ್ಲಿ ಓದಿಕೊಳ್ಳಿ” ಎಂದು ಹೇಳಿ ಪುಟ ತಿರುವಿಬಿಡುತ್ತಿದ್ದೆ. ಅದು ಸುಲಭವಾಗಿರಲಿಲ್ಲ. ನನಗೆ ಮುಜುಗರವಾಗುತ್ತಿತ್ತು, ಅಷ್ಟೆ.

ಇಂದಿಗೂ ನಾನು ಪಾನವನ್ನು ಕುರಿತು ಮಾತನಾಡಲು ಬಂದವನಲ್ಲ. ಅದರ ರುಚಿ ನನಗೆ ತಿಳಿಯದು. ನಾನು ಹೇಳಹೊರಟಿರುವುದು ಲೋಟದೊಳಗಿನ ವಸ್ತುವನ್ನಲ್ಲ, ಲೋಟದ ಕೆಳಗಿನದನ್ನು. ಪಾಶ್ಚಾತ್ಯರ ಪಾನಗೃಹಗಳಲ್ಲಿ ಮೇಜು ಒದ್ದೆಯಾಗದಿರಲೆಂದು ಬಿಯರಿನ ಲೋಟದಡಿಯಲ್ಲಿ ಒಂದು ರಟ್ಟಿನ ಬಿಲ್ಲೆಯನ್ನು ಇಡುತ್ತಾರೆ. ಇಂಗ್ಲಿಷಿನವರು ಅದನ್ನು ಬಿಯರ್ ಮ್ಯಾಟ್ ಎಂದೋ ಕೋಸ್ಟರ್ ಎಂದೋ ಕರೆಯುತ್ತಾರೆ. ಅಂಗೈಯಗಲದ ದುಂಡು ಅಥವಾ ಚೌಕ. ಒಂದು ಮಗ್ಗುಲಲ್ಲಿ ಬಣ್ಣದ ಚಿತ್ರ, ಬಿಯರು ತಯಾರಿಸಿದವರ ಹೆಸರು, ಅವರ ಗುರುತು. ಲೋಟ ಒದ್ದೆಮಾಡುತ್ತದೆ, ಬಿಲ್ಲೆ ಹೀರಿಕೊಳ್ಳುತ್ತದೆ, ಮರುದಿನ ಅದು ಕಸದ ಬುಟ್ಟಿಗೆ. ಅದರ ಜನ್ಮ ಅಷ್ಟರಲ್ಲಿಯೇ ಮುಗಿಯಬೇಕು.

ಅಂಥ 112 ಬಿಲ್ಲೆಗಳು ಮುಗಿಯದೆ ಉಳಿದು, ಒಂದು ಬೂಟಿನ ಪೆಟ್ಟಿಗೆಯಲ್ಲಿ ಕುಳಿತು, ಕಳೆದ ವರ್ಷ ನನ್ನ ಮನೆಗೆ ಬಂದವು. ಕಳುಹಿಸಿದವಳು ನನ್ನ ಅಣ್ಣನ ಮಗಳು. ಅವಳು ಇಂಗ್ಲೆಂಡಿನಲ್ಲಿಯೇ ಹುಟ್ಟಿ ಬೆಳೆದವಳು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿಯಿತ್ತು. “ಚಿಕ್ಕಪ್ಪ, ಅಪ್ಪನ ಕಪಾಟಿನಲ್ಲಿ ಇವು ಸಿಕ್ಕವು. ಎಸೆಯಲು ಮನಸ್ಸು ಬರಲಿಲ್ಲ. ಹಿಂಬದಿಯಲ್ಲಿ ಏನೋ ಬರೆದಿದ್ದಾರೆ. ಕನ್ನಡವೆಂದು ತೋರುತ್ತದೆ. ನನಗೆ ಓದಲು ಬಾರದು” ಎಂಬುದು ಅದರ ಸಾರಾಂಶ.

ಅಣ್ಣ ನನಗಿಂತ ಹನ್ನೊಂದು ವರ್ಷ ಹಿರಿಯ. 1973ರಲ್ಲಿ ಇಂಜಿನಿಯರಾಗಿ ಇಂಗ್ಲೆಂಡಿಗೆ ಹೋಗಿ ಡರ್ಬಿ ನಗರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಮರುವರ್ಷ ಬರೆದ ಪತ್ರವೊಂದರಲ್ಲಿ, ಸಂಜೆ ಕೆಲಸ ಮುಗಿದ ಮೇಲೆ ಜೊತೆಯವರು ತನ್ನನ್ನು ಪಾನಗೃಹಕ್ಕೆ ಕರೆಯುತ್ತಾರೆಂದೂ ತಾನೂ ಹೋಗುವುದುಂಟೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದ. ನಮ್ಮ ತಂದೆಯವರು ಖಾದಿ ಉಟ್ಟವರು. ಪ್ರಾಯದಲ್ಲಿ ಹೆಂಡದಂಗಡಿಯ ಮುಂದೆ ಧರಣಿ ಕುಳಿತವರು. ಅದಕ್ಕೂ ಮಿಗಿಲಾಗಿ, ನಮ್ಮ ತಾತನ ಕಾಲದಲ್ಲಿ ಮನೆಯ ಎರಡೆಕರೆ ಗದ್ದೆ ಹೆಂಡದ ಪಾಲಾದುದನ್ನು ಹುಡುಗನಾಗಿದ್ದಾಗ ಕಣ್ಣಾರೆ ಕಂಡವರು. ಅವರು ಆ ಪತ್ರವನ್ನು ಒಮ್ಮೆ ಓದಿ, ಮಡಿಸಿ, ಪಂಚಾಂಗದೊಳಗೆ ಇಟ್ಟರು. ಆಮೇಲೆ ಆ ಮನೆಯಿಂದ ಅಣ್ಣನಿಗೆ ಪತ್ರ ಹೋಗಲಿಲ್ಲ. ತಾಯಿಗೆ ಬರೆಯಲು ಬಾರದು. ಅವಳ ಮಾತನ್ನು ಕೇಳಿ ಬರೆಯುತ್ತಿದ್ದವನು ನಾನು. ಹದಿನೈದರ ಹುಡುಗನಾಗಿದ್ದ ನಾನು ತಂದೆಯವರ ಮಾತು ಮೀರಲಿಲ್ಲ, ಅದು ಸರಿ. ಆದರೆ ಮೂವತ್ತರಲ್ಲಿಯೂ ಬರೆಯಲಿಲ್ಲ, ಐವತ್ತರಲ್ಲಿಯೂ ಬರೆಯಲಿಲ್ಲ. ಅದಕ್ಕೆ ನನ್ನ ಬಳಿ ಸಮಾಧಾನವಿಲ್ಲ.

ಪೆಟ್ಟಿಗೆ ಬಂದ ದಿನ ನಾನು ಬಿಲ್ಲೆಗಳ ಹಿಂಬದಿಯನ್ನು ನೋಡಲಿಲ್ಲ. ಮುಂಬದಿಯನ್ನು ಮಾತ್ರ ನೋಡಿದೆ. ಮೇಷ್ಟರ ಚಾಳಿ ಎನ್ನಿ, ಅಂಜಿಕೆ ಎನ್ನಿ, ಮೊದಲು ವಿಷಯವನ್ನು ಓದಿ ತಿಳಿಯೋಣ ಎಂದುಕೊಂಡೆ. ಹಾಗೆ ಓದಿ ತಿಳಿದುದರಲ್ಲಿ ಕೆಲವನ್ನು ಈಗ ತಮ್ಮ ಮುಂದಿಡುತ್ತೇನೆ.

ಈ ಬಿಲ್ಲೆಯ ತವರು ಜರ್ಮನಿ. ಅಲ್ಲಿ ಉಳ್ಳವರು ಬಿಯರನ್ನು ಲೋಹದ ಮುಚ್ಚಳವಿರುವ ಪಾತ್ರೆಯಲ್ಲಿ ಕುಡಿಯುತ್ತಿದ್ದರು. ಮುಚ್ಚಳವಿಲ್ಲದ ಲೋಟದವರು ಮರಗಳ ಕೆಳಗೆ ಕುಳಿತಾಗ ಎಲೆ, ಹುಳು ಬೀಳದಂತೆ ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟಿನ ತುಂಡೊಂದನ್ನು ಲೋಟದ ಮೇಲೆ ಮುಚ್ಚುತ್ತಿದ್ದರು. ಅದೇ ತುಂಡು ಕೆಳಗಿನ ಒದ್ದೆಯನ್ನೂ ಹೀರುತ್ತಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ಅದನ್ನೇ ಕೊಡುತ್ತಿದ್ದುದರಿಂದ ಅದು ಎಷ್ಟು ಶುಚಿಯಾಗಿತ್ತೆಂಬುದನ್ನು ತಾವೇ ಊಹಿಸಬಹುದು. 1880ರಲ್ಲಿ ಮ್ಯಾಗ್ಡೆಬರ್ಗ್ ಸಮೀಪದ ಬುಕಾವ್ ಎಂಬಲ್ಲಿ ಫ್ರೀಡ್ರಿಶ್ ಹಾರ್ನ್ ಎಂಬ ಮುದ್ರಕ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ ಅವುಗಳ ಮೇಲೆ ಮುದ್ರಣ ಮಾಡಿದ. 1892ರಲ್ಲಿ ಡ್ರೆಸ್ಡನ್ನಿನ ರಾಬರ್ಟ್ ಸ್ಪುಟ್ ಎಂಬಾತ ಮರದ ತಿರುಳಿನ ಗಂಜಿಯನ್ನು ದುಂಡನೆಯ ಅಚ್ಚುಗಳಿಗೆ ಸುರಿದು, ಒಣಗಿಸಿ, ಬಿಲ್ಲೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅವನ ಬಿಲ್ಲೆ 107 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ. ನಮ್ಮ ಅಕ್ಕಿರೊಟ್ಟಿಯ ಮರಿಯೆನ್ನಬಹುದು. 1903ರಲ್ಲಿ ಕಪ್ಪುಕಾಡು ಎಂದು ಹೆಸರಾದ ಸೀಮೆಯ ವೈಸೆನ್‌ಬಾಖ್ ಎಂಬ ಊರಿನಲ್ಲಿ ಮರ ಕೊಯ್ಯುವ ಕಾರ್ಖಾನೆಯನ್ನು ನಡೆಸುತ್ತಿದ್ದ ಕ್ಯಾಸಿಮಿರ್ ಓಟೋ ಕಾಟ್ಸ್ ಇವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ. ಅಲ್ಲಿಯ ಸ್ಪ್ರೂಸ್ ಮರದ ತಿರುಳು ಹಗುರ, ಮೆದು. ನೀರನ್ನು ಬೇಗ ಹೀರುತ್ತದೆ. ಕಾಡು ಹತ್ತಿರ, ನದಿ ಹತ್ತಿರ. ಕೈಕಸುಬೊಂದು ಉದ್ಯಮವಾಗಲು ಇಷ್ಟು ಸಾಕಾಯಿತು.

ಭಾಷೆಯ ವಿದ್ಯಾರ್ಥಿಯಾದ ನನಗೆ ಹಿಡಿಸಿದ ಸಂಗತಿ ಇನ್ನೊಂದು. ಜರ್ಮನ್ನರು ಇಂದಿಗೂ ಇದನ್ನು ಕರೆಯುವುದು ‘ಬೀರ್‌ಡೆಕೆಲ್’ ಎಂದು. ಅಂದರೆ ಬಿಯರಿನ ಮುಚ್ಚಳ. ವಸ್ತು ಲೋಟದ ಕೆಳಗೆ ಇಳಿದು ನೂರಕ್ಕೂ ಹೆಚ್ಚು ವರ್ಷ ಕಳೆದರೂ ಹೆಸರು ಮಾತ್ರ ಮೇಲೆಯೇ ಉಳಿದಿದೆ. ಅಲ್ಲಿಯ ಪರಿಚಾರಕರು ಒಂದೊಂದು ಲೋಟ ಕೊಟ್ಟಾಗಲೂ ಬಿಲ್ಲೆಯ ಮೇಲೆ ಪೆನ್ಸಿಲಿನಿಂದ ಒಂದೊಂದು ಗೀಟು ಎಳೆಯುತ್ತಾರೆ. ಕೊನೆಯಲ್ಲಿ ಗೀಟುಗಳನ್ನು ಎಣಿಸಿ ಹಣ ಪಡೆಯುತ್ತಾರೆ. ಹೀಗೆ ಬಿಲ್ಲೆಯೇ ಲೆಕ್ಕದ ಪುಸ್ತಕ. ಸಾಮಾನ್ಯ ಮನುಷ್ಯನ ಆದಾಯ ತೆರಿಗೆಯ ಲೆಕ್ಕ ಒಂದು ಬೀರ್‌ಡೆಕೆಲ್‌ನ ಮೇಲೆ ಹಿಡಿಸುವಷ್ಟು ಸರಳವಾಗಿರಬೇಕೆಂದು ಫ್ರೀಡ್ರಿಶ್ ಮೆರ್ಟ್ಸ್ ಎಂಬ ರಾಜಕಾರಣಿ 2003ರಲ್ಲಿ ಹೇಳಿದ್ದು ಆ ನಾಡಿನಲ್ಲಿ ಗಾದೆಯಂತಾಗಿಬಿಟ್ಟಿತು. ಅವರು 2025ರಲ್ಲಿ ಅಲ್ಲಿಯ ಚಾನ್ಸಲರ್ ಆದಾಗ ಜನ ಮತ್ತೆ ಆ ಬಿಲ್ಲೆಯನ್ನು ನೆನೆದರು.

ಜರ್ಮನಿಯ ಮುಚ್ಚಳ ಇಂಗ್ಲೆಂಡಿಗೆ ಬಂದುದು 1920ರಲ್ಲಿ. ವಾಟ್ನಿ ಎಂಬ ಬ್ರೂವರಿ ತನ್ನ ಪೇಲ್ ಏಲ್ ಎಂಬ ಬಿಯರಿನ ಜಾಹೀರಾತಿಗಾಗಿ ಅದನ್ನು ಮೊದಲು ಮುದ್ರಿಸಿತೆಂದು ಹೇಳುತ್ತಾರೆ. ಮುಂದೆ ಅಲ್ಲಿ ಇವನ್ನು ಕೂಡಿಡುವವರ ಒಂದು ಪಂಗಡವೇ ಬೆಳೆಯಿತು. 1960ರಲ್ಲಿ ಅವರದೊಂದು ಸಂಘವೂ ಸ್ಥಾಪಿತವಾಯಿತು. ಲ್ಯಾಟಿನ್ನಿನಲ್ಲಿ ಚಾಪೆಗೆ ‘ಟೆಗೆಸ್’ ಎನ್ನುತ್ತಾರೆ. ಅದರಿಂದ ‘ಟೆಜೆಸ್ಟಾಲಜಿ’ ಎಂಬ ಘನವಾದ ಪದವನ್ನು ಹೊಸೆದು ಈ ಹವ್ಯಾಸಕ್ಕೆ ತೊಡಿಸಿದರು. ನಮ್ಮಲ್ಲಿ ಇದಕ್ಕೆ ಏನೆನ್ನಬಹುದು? ದುಂಡುತಳದ ಗಡಿಗೆ ಉರುಳದಂತೆ ಕೆಳಗಿಡುವ ಸಿಂಬಿ ಇದರ ಹತ್ತಿರದ ನಂಟ. ಈ ಹೋಲಿಕೆ ನನ್ನದಲ್ಲ. ಯಾರದೆಂಬುದನ್ನು ಆಮೇಲೆ ಹೇಳುತ್ತೇನೆ.

ಅಣ್ಣನ ಬಿಲ್ಲೆಗಳಲ್ಲಿ ಮುಕ್ಕಾಲುಪಾಲು ಒಂದೇ ಊರಿನವು. ಡರ್ಬಿಯಿಂದ ನೈಋತ್ಯಕ್ಕೆ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಟ್ರೆಂಟ್ ನದಿಯ ದಂಡೆಯಲ್ಲಿರುವ ಬರ್ಟನ್ ಆ ಊರು. ಹಲವು ಬಿಲ್ಲೆಗಳ ಮೇಲೆ ಒಂದು ಕೆಂಪು ತ್ರಿಕೋನ ಎದ್ದು ಕಾಣುತ್ತದೆ. ಅದು ಬಾಸ್ ಎಂಬ ಬ್ರೂವರಿಯ ಗುರುತು. ಆ ಪುಟ್ಟ ಊರಿಗೂ ನಮ್ಮ ದೇಶಕ್ಕೂ ಇರುವ ನಂಟು ಕುತೂಹಲಕರವಾದುದು.

ಬಿಯರಿನ ಸಾಮಗ್ರಿ ನಾಲ್ಕೇ: ಮೊಳಕೆ ಬರಿಸಿ ಒಣಗಿಸಿದ ಜವೆಗೋದಿ, ಹಾಪ್ಸ್ ಎಂಬ ಬಳ್ಳಿಯ ಕಹಿಹೂ, ಹುದುಗು ಬರಿಸುವ ಯೀಸ್ಟ್, ಮತ್ತು ನೀರು. ಮೊದಲ ಮೂರನ್ನು ಎಲ್ಲಿಂದಲಾದರೂ ತರಿಸಬಹುದು. ಬರ್ಟನ್ನಿನ ಭಾಗ್ಯವಿದ್ದುದು ನಾಲ್ಕನೆಯದರಲ್ಲಿ. ಅಲ್ಲಿಯ ನೆಲದಡಿ ಜಿಪ್ಸಮ್ಮಿನ ಪದರಗಳಿವೆ. ಅವುಗಳ ಮೂಲಕ ಇಳಿದು ಬಾವಿ ಸೇರುವ ನೀರು ಗಡುಸು. ಕ್ಯಾಲ್ಸಿಯಂ ಸಲ್ಫೇಟ್ ಅದರಲ್ಲಿ ಹೇರಳ. ಆ ನೀರಿನಲ್ಲಿ ಮಾಡಿದ ಬಿಯರು ತಿಳಿಯಾಗಿರುತ್ತದೆ, ಹಾಪ್ಸಿನ ಕಹಿ ಅದರಲ್ಲಿ ಹರಿತವಾಗಿ ನಿಲ್ಲುತ್ತದೆ. 1002ರಲ್ಲಿ ಸ್ಥಾಪಿತವಾದ ಮಠವೊಂದರ ಕ್ರೈಸ್ತ ಸಂನ್ಯಾಸಿಗಳು ಅಲ್ಲಿ ಬಿಯರು ಮಾಡುತ್ತಿದ್ದರು. ಅವರಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಬಾವಿ ತಿಳಿದಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆ ನೀರಿನ ಗುಟ್ಟು ಬಯಲಾದ ಮೇಲೆ ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಮ್ ಬೆರೆಸತೊಡಗಿದರು. ಆ ಕ್ರಿಯೆಗೆ ‘ಬರ್ಟನೀಕರಣ’ ಎಂಬರ್ಥದ ಪದವೇ ಇಂಗ್ಲಿಷಿನಲ್ಲಿ ಹುಟ್ಟಿತು. ಊರಿನ ಹೆಸರು ಕ್ರಿಯಾಪದವಾಗುವ ಯೋಗ ಎಷ್ಟು ಊರುಗಳಿಗಿದೆ?

ಟ್ರೆಂಟ್ ನದಿಯನ್ನು ದೋಣಿಸಂಚಾರಕ್ಕೆ ಅಣಿಗೊಳಿಸಲು 1699ರಲ್ಲಿ ಶಾಸನವಾಯಿತು. ಅಲ್ಲಿಂದ ಮುಂದೆ ಬರ್ಟನ್ನಿನ ಬಿಯರು ಹಲ್ ಬಂದರಿನ ಮೂಲಕ ಬಾಲ್ಟಿಕ್ ಸಮುದ್ರವನ್ನು ದಾಟಿ ರಷ್ಯದವರೆಗೆ ಹೋಯಿತು. ಅದು ಕಂದುಬಣ್ಣದ, ಸಿಹಿಯಾದ, ಗಾಢವಾದ ಬಿಯರು. ವಿಲಿಯಂ ಬಾಸ್ ಎಂಬ ಸಾಗಣೆದಾರ 1777ರಲ್ಲಿ ಆ ವ್ಯಾಪಾರವನ್ನು ನಂಬಿಯೇ ತನ್ನ ಬ್ರೂವರಿಯನ್ನು ತೆರೆದದ್ದು. ಆದರೆ ನೆಪೋಲಿಯನ್ನನ ದಿಗ್ಬಂಧನ ಬಾಲ್ಟಿಕ್ ದಾರಿಯನ್ನು ಮುಚ್ಚಿತು. ಯುದ್ಧ ಮುಗಿದ ಮೇಲೆ ರಷ್ಯದ ಸುಂಕ ಉಳಿದುದನ್ನೂ ಕೆಡಿಸಿತು. ಊರು ಕಂಗೆಟ್ಟಿತು.

ಅದೇ ಕಾಲದಲ್ಲಿ ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದ ಬ್ರೂವರಿಯೊಂದು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ತಾಣಕ್ಕೆ ಸಮೀಪದಲ್ಲಿತ್ತು. ಅವರು ಹಡಗಿನ ಕಪ್ತಾನರಿಗೆ ದೀರ್ಘಕಾಲದ ಸಾಲ ಕೊಟ್ಟು ತಮ್ಮ ಬಿಯರನ್ನು ಭಾರತಕ್ಕೆ ಕಳುಹಿಸುತ್ತಿದ್ದರು. ಈ ಮನೆತನ ಮುಂದೆ ಅತಿಯಾಸೆಗೆ ಬಿದ್ದು ಕಪ್ತಾನರನ್ನು ಬಿಟ್ಟು ತಾನೇ ವ್ಯಾಪಾರಕ್ಕಿಳಿಯಿತು. ಆಗ ಕಂಪನಿಯ ನಿರ್ದೇಶಕನೊಬ್ಬ ಬರ್ಟನ್ನಿನ ಸ್ಯಾಮ್ಯುಯೆಲ್ ಆಲ್ಸಾಪ್‌ನನ್ನು ಕರೆದು, ರಷ್ಯ ಹೋದರೇನಂತೆ, ಭಾರತವಿದೆಯಲ್ಲ ಎಂಬ ಸಲಹೆ ಕೊಟ್ಟನಂತೆ. 1822ರ ಸುಮಾರಿಗೆ ಆಲ್ಸಾಪ್‌ನ ನೌಕರ ಜಾಬ್ ಗುಡ್‌ಹೆಡ್ ಒಂದು ಚಹಾ ಕುದಿಸುವ ಪಾತ್ರೆಯಲ್ಲಿ ಹೊಸ ಬಿಯರಿನ ಮೊದಲ ಮಾದರಿಯನ್ನು ಮಾಡಿದನೆಂದು ಪ್ರತೀತಿ. ಬರ್ಟನ್ನಿನ ಗಡುಸು ನೀರಿನಲ್ಲಿ ಆ ತಿಳಿಹಳದಿಯ ಕಹಿ ಬಿಯರು ಲಂಡನ್ನಿನದಕ್ಕಿಂತ ಮೇಲಾಗಿ ಬಂದಿತು. ಬಾಸ್ ಸಹ ಬೇಗನೆ ಅದೇ ದಾರಿ ಹಿಡಿಯಿತು.

ಇದೇ ‘ಇಂಡಿಯಾ ಪೇಲ್ ಏಲ್’ ಎಂದು ಹೆಸರಾದ ಬಿಯರು. ದೀರ್ಘ ಪ್ರಯಾಣದಲ್ಲಿ ಬೇರೆ ಬಿಯರೆಲ್ಲ ಹುಳಿಯಾಗುತ್ತಿತ್ತೆಂದೂ ಅದಕ್ಕಾಗಿಯೇ ಇದನ್ನು ಒಬ್ಬ ಮಹಾಶಯ ಕಂಡುಹಿಡಿದನೆಂದೂ ಕಥೆಯಿದೆ. ಕಥೆ ಸೊಗಸಾಗಿದೆ, ಆದರೆ ಪೂರ್ತಿ ನಿಜವಲ್ಲ. ಕಪ್ಪುಬಣ್ಣದ ಪೋರ್ಟರ್ ಎಂಬ ಬಿಯರೂ ಸೈನಿಕರಿಗಾಗಿ ಹಡಗುಗಳಲ್ಲಿ ಬರುತ್ತಿತ್ತು, ಕೆಡದೆಯೇ ಬರುತ್ತಿತ್ತು. ನಡೆದದ್ದು ಇಷ್ಟು: ಹಾಪ್ಸ್ ಹೆಚ್ಚಿದ್ದರೆ ಬಿಯರು ತಾಳುತ್ತದೆಂಬುದು ಹಳೆಯ ಅನುಭವ. ಆ ಪೀಪಾಯಿಗಳು ಗುಡ್‌ಹೋಪ್ ಭೂಶಿರವನ್ನು ಸುತ್ತಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕರಿಂದ ಆರು ತಿಂಗಳು ಕಡಲಿನಲ್ಲಿ ತೊನೆದಾಡಿ ಕಲ್ಕತ್ತ, ಮದರಾಸುಗಳನ್ನು ತಲಪುವ ಹೊತ್ತಿಗೆ ಒಳಗಿನದು ಮಾಗಿ ಹದಗೊಂಡಿರುತ್ತಿತ್ತು. ಸೆಕೆಯ ನಾಡಿನ ಬಿಳಿಯ ಅಧಿಕಾರಿಗಳಿಗೆ ಅದು ಹಿಡಿಸಿತು. ಹೆಸರು ಕೂಡ ಆಮೇಲಿನದು. 1829ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಪತ್ರಿಕೆಯೊಂದರ ಜಾಹೀರಾತಿನಲ್ಲಿ ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಮಾತು ಸಿಗುತ್ತದೆ. ಭಾರತದ ಹೆಸರನ್ನು ಹೊತ್ತ ಆ ಬಿಯರನ್ನು ಕುಡಿದ ಭಾರತೀಯರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಾರು! ನಮ್ಮ ಹೆಸರು ನಮಗಿಂತ ಮೊದಲು ಲೋಕಸಂಚಾರ ಮಾಡಿದ ಒಂದು ನಿದರ್ಶನವಿದು.

1839ರಲ್ಲಿ ಬರ್ಟನ್ನಿಗೆ ರೈಲು ಬಂದಿತು. ಹಡಗಿಗಾಗಿ ಹುಟ್ಟಿದ ಬಿಯರು ಈಗ ಇಂಗ್ಲೆಂಡಿನ ಮೂಲೆಮೂಲೆಗೂ ಹೋಯಿತು. ಲಂಡನ್ನಿನ ದೊಡ್ಡ ಬ್ರೂವರಿಗಳು ತಾವಾಗಿ ಬಂದು ಆ ಊರಿನಲ್ಲಿ ಶಾಖೆ ತೆರೆದವು. 1880ರ ದಶಕದ ಕೊನೆಗೆ ಅಲ್ಲಿ 30ಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಬಾಸ್ ಒಂದೇ 1877ರ ವೇಳೆಗೆ ವರ್ಷಕ್ಕೆ ಸುಮಾರು 10 ಲಕ್ಷ ಪೀಪಾಯಿ ಬಿಯರು ತಯಾರಿಸುತ್ತಿತ್ತು; ಅಲ್ಲಿಯ ಒಂದು ಪೀಪಾಯಿಯೆಂದರೆ ಸುಮಾರು 164 ಲೀಟರು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲುನಿಲ್ದಾಣ 1868ರಲ್ಲಿ ತೆರೆಯಿತು. ಅದರ ನೆಲಮಾಳಿಗೆಯ ಕಬ್ಬಿಣದ ಕಂಬಗಳ ಅಂತರವನ್ನು ಇಂಜಿನಿಯರ್ ಬಾರ್ಲೊ ನಿಗದಿಮಾಡಿದ್ದು ಬರ್ಟನ್ನಿನ ಪೀಪಾಯಿಗಳ ಅಳತೆಯನ್ನು ನೋಡಿಕೊಂಡು. ನಮ್ಮ ಶಿಲ್ಪಿಗಳಿಗೆ ಅಂಗುಲ, ತಾಲಗಳು ಮಾನವಾದರೆ ಆತನಿಗೆ ಪೀಪಾಯಿಯೇ ಮಾನ. ಈಗ ಪ್ಯಾರಿಸ್ಸಿಗೆ ಹೊರಟವರು ಅದೇ ಕಂಬಗಳ ನಡುವೆ ಸಾಲುಗಟ್ಟಿ ನಿಲ್ಲುತ್ತಾರೆ.

ಆ ಕೆಂಪು ತ್ರಿಕೋನದ ಕಥೆಯೂ ಸ್ವಾರಸ್ಯವಾದುದು. ಬ್ರಿಟನ್ನಿನಲ್ಲಿ ವ್ಯಾಪಾರಮುದ್ರೆಗಳ ನೋಂದಣಿ ಕಾಯಿದೆ ಜಾರಿಗೆ ಬಂದುದು 1876ರ ಜನವರಿ 1ರಂದು. ಅಂದು ಮೊದಲನೆಯ ಸಂಖ್ಯೆಯಲ್ಲಿ ದಾಖಲಾದ ಮುದ್ರೆ ಬಾಸ್ ತ್ರಿಕೋನ. ಕಂಪನಿಯ ನೌಕರನೊಬ್ಬ ಹಿಂದಿನ ರಾತ್ರಿಯೆಲ್ಲ ಕಚೇರಿಯ ಬಾಗಿಲಲ್ಲಿ ಕಾದು ಕುಳಿತಿದ್ದನೆಂದು ಹೇಳುತ್ತಾರೆ. ಫ್ರೆಂಚ್ ಚಿತ್ರಕಾರ ಮಾನೆ 1882ರಲ್ಲಿ ಪ್ಯಾರಿಸ್ಸಿನ ಪಾನಗೃಹವೊಂದರ ಹುಡುಗಿಯನ್ನು ಚಿತ್ರಿಸಿದಾಗ ಅವಳ ಮುಂದಿನ ಕಟ್ಟೆಯ ಮೇಲೆ ಆ ತ್ರಿಕೋನದ ಬಾಟಲಿಗಳನ್ನೂ ಇರಿಸಿದ. ಲಂಡನ್ನಿನ ಕೋರ್ಟೋಲ್ಡ್ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ ಸುತ್ತ ಗದ್ದಲವಿದ್ದರೂ ಹುಡುಗಿಯ ಕಣ್ಣುಗಳಲ್ಲಿ ಗದ್ದಲವಿಲ್ಲ. ಅವಳು ಎಲ್ಲಿಯೋ ದೂರದಲ್ಲಿದ್ದಾಳೆ. ಜೇಮ್ಸ್ ಜಾಯ್ಸನ ‘ಯುಲಿಸಿಸ್’ನಲ್ಲಿಯೂ ಬ್ಲೂಮ್ ಆ ಕೆಂಪು ಗುರುತನ್ನು ದಿಟ್ಟಿಸುತ್ತ ಕೂರುವ ಸಂದರ್ಭವಿದೆ. ಮನೆಯಿಂದ ದೂರವಾದವರ ಕಣ್ಣು ನೆಡಲು ಒಂದು ಗುರುತು ಬೇಕೆನಿಸುತ್ತದೆ.

ಇಷ್ಟರಲ್ಲಿ ಭಾರತದ ಬೆಟ್ಟಗಳಲ್ಲಿಯೇ ಬ್ರೂವರಿಗಳು ತಲೆಯೆತ್ತಿದವು. ತಣ್ಣಗಿಡುವ ಯಂತ್ರಗಳಿಲ್ಲದ ಕಾಲದಲ್ಲಿ ಬಯಲುಸೀಮೆಯ ಬಿಸಿಲಿಗೆ ಹುದುಗು ಕೆಡುತ್ತಿತ್ತು. ಆದುದರಿಂದ ಎತ್ತರದ ತಂಪು ಬೇಕಿತ್ತು. ಉತ್ತರದ ಮರ್ರಿ ಬೆಟ್ಟದಲ್ಲಿ 1860ರಲ್ಲಿ ಬ್ರೂವರಿ ಬಂದಿತು. ನಮ್ಮ ನೆರೆಯ ನೀಲಗಿರಿಯ ಕ್ಯಾಸಲ್ ಬ್ರೂವರಿಯ ಮೂಲ 1857ಕ್ಕೆ ಹೋಗುತ್ತದೆ. 1809ರಿಂದ ಬ್ರಿಟಿಷ್ ದಂಡು ನೆಲೆನಿಂತಿದ್ದ, ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿಯೂ ಈ ಉದ್ಯಮ ಬೇರೂರಿತು. 1915ರ ಮಾರ್ಚ್ 15ರಂದು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಎತ್ತಿನ ಗಾಡಿಗಳಲ್ಲಿ ಭಾರಿ ಪೀಪಾಯಿಗಳು ದಂಡಿನ ಸಿಪಾಯಿಗಳಿಗೆ ಹೋಗುತ್ತಿದ್ದವು. ಸ್ವಾತಂತ್ರ್ಯ ಬಂದ 1947ರಲ್ಲಿ ದಕ್ಷಿಣ ಕನ್ನಡ ಮೂಲದ ವಿಠಲ ಮಲ್ಯ ಅದರ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಆ ಬ್ರೂವರಿಯ ರಸ್ತೆಯಲ್ಲಿ ನಡೆಯುವ ಪ್ರಸಂಗ ಬಂದರೆ ಬೇಯುವ ಧಾನ್ಯದ ವಾಸನೆಗೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದೆ. ಆ ಗ್ರಾಂಟ್ ರಸ್ತೆ ಇಂದು ವಿಠಲ ಮಲ್ಯ ರಸ್ತೆ. ಬ್ರೂವರಿಯಿದ್ದ ಜಾಗದಲ್ಲಿ ಯುಬಿ ಸಿಟಿಯ ಗೋಪುರಗಳು ನಿಂತಿವೆ. 2021ರಿಂದ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಸಂಸ್ಥೆಯ ಕೈಯಲ್ಲಿದೆ.

ಬರ್ಟನ್ನಿನ ಗತಿಯೂ ಹೀಗೆಯೇ ಆಯಿತು. ಬಾಸ್ ಒಂದೊಂದಾಗಿ ಇತರರನ್ನು ನುಂಗಿ 1967ರಲ್ಲಿ ಬಾಸ್ ಚಾರಿಂಗ್ಟನ್ ಎಂಬ ದೈತ್ಯವಾಯಿತು. 2000ದಲ್ಲಿ ಅದನ್ನು ಬೆಲ್ಜಿಯಮ್ಮಿನ ಸಂಸ್ಥೆಯೊಂದು ಕೊಂಡಿತು. 2002ರಲ್ಲಿ ಬರ್ಟನ್ನಿನ ಕಾರ್ಖಾನೆ ಅಮೆರಿಕದ ಕೂರ್ಸ್ ಪಾಲಾಯಿತು, ತ್ರಿಕೋನದ ಹೆಸರು ಮಾತ್ರ ಬೆಲ್ಜಿಯಮ್ಮಿನವರಲ್ಲಿ ಉಳಿಯಿತು. ಹೆಸರು ಒಬ್ಬರ ಬಳಿ, ಬಾವಿ ಇನ್ನೊಬ್ಬರ ಬಳಿ. 1977ರಲ್ಲಿ, ಇನ್ನೂರನೆಯ ವರ್ಷದ ನೆನಪಿಗೆ ತೆರೆದ ವಸ್ತುಸಂಗ್ರಹಾಲಯ 2008ರಲ್ಲಿ ಮುಚ್ಚಿತು, 2010ರಲ್ಲಿ ಮತ್ತೆ ತೆರೆಯಿತು, 2022ರ ಅಕ್ಟೋಬರಿನಲ್ಲಿ ಮತ್ತೆ ಮುಚ್ಚಿತು. ಸಾಲುಸಾಲು ಪೀಪಾಯಿಗಳಿಗೆ ಹಂಸದ ಕೊರಳಿನಂಥ ಕೊಳವೆಗಳನ್ನು ಜೋಡಿಸಿ, ಉಕ್ಕುವ ಯೀಸ್ಟನ್ನು ಮೇಲಿನ ತೊಟ್ಟಿಗೆ ಹರಿಸುವ ‘ಯೂನಿಯನ್’ ಎಂಬ ಏರ್ಪಾಡು ಆ ಊರಿನ ಹೆಮ್ಮೆಯಾಗಿತ್ತು. ಅದನ್ನು ಕೊನೆಯವರೆಗೆ ಉಳಿಸಿಕೊಂಡಿದ್ದ ಮಾರ್ಸ್ಟನ್ಸ್ ಬ್ರೂವರಿಯಲ್ಲಿಯೂ 2024ರಲ್ಲಿ ಅದು ನಿಂತಿತು. ಅದರಲ್ಲಿ ಒಂದು ಜೋಡಣೆಯನ್ನು ಡರ್ಬಿಷೈರಿನ ಥಾರ್ನ್‌ಬ್ರಿಜ್ ಎಂಬ ಸಣ್ಣ ಬ್ರೂವರಿ ಒಯ್ದು ಮತ್ತೆ ಹೂಡಿದೆ. ದೊಡ್ಡವರು ಕಳಚಿಟ್ಟುದನ್ನು ಸಣ್ಣವರು ಎತ್ತಿಕೊಳ್ಳುವುದು ಲೋಕದಲ್ಲಿ ಹೊಸದಲ್ಲ.

ಇಷ್ಟನ್ನು ಓದಿ ಮುಗಿಸಲು ನನಗೆ ಎರಡು ತಿಂಗಳು ಹಿಡಿಯಿತು. ಇನ್ನು ಮುಂಬದಿಯ ನೆಪ ಉಳಿದಿರಲಿಲ್ಲ. ಒಂದು ಸಂಜೆ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಬಿಲ್ಲೆಗಳನ್ನು ಮಗುಚತೊಡಗಿದೆ.

ಹಿಂಬದಿಯಲ್ಲಿ ಇದ್ದುದು ಪತ್ರವಲ್ಲ, ದಿನಚರಿಯಲ್ಲ. ಒಂದೊಂದರ ಮೇಲೆ ಒಂದು ತಾರೀಖು, ಒಂದೆರಡು ಕನ್ನಡ ಪದಗಳು. ಅಣ್ಣನ ಅಕ್ಷರ ಸೀಸದ ಕಡ್ಡಿಯಲ್ಲಿ ಮಸುಕಾಗಿತ್ತು. ‘ಕಡೆಗೋಲು.’ ‘ಒರಳುಕಲ್ಲು.’ ‘ಮುಂಗಾರು, ಹಿಂಗಾರಿಗೆ ಇಲ್ಲಿ ಪದವಿಲ್ಲ.’ ‘ಜಗಲಿ.’ ‘ಅಡ್ಡಣಿಗೆ: ಅಪ್ಪನ ಊಟದ ತಟ್ಟೆಯ ಕೆಳಗಿನದು.’ ಇನ್ನೊಂದರ ಮೇಲೆ, ‘ಹೊಸ್ತಿಲಿಗೆ ಬಳಿಯುವ ಕೆಂಪು ಮಣ್ಣು, ಹೆಸರು ಮರೆತೆ’ ಎಂದಿತ್ತು. ಅದೇ ಬಿಲ್ಲೆಯಲ್ಲಿ ನಾಲ್ಕು ದಿನ ತಡವಾದ ತಾರೀಖಿನಲ್ಲಿ, ಬೇರೆ ಶಾಯಿಯಲ್ಲಿ, ‘ಕೆಮ್ಮಣ್ಣು, ಅಷ್ಟೆ!’ ಎಂದು ಬರೆದು ಕೆಳಗೆ ಗೀಟೆಳೆದಿದ್ದ. ಕೆಂಪು ತ್ರಿಕೋನದ ಒಂದು ದುಂಡುಬಿಲ್ಲೆಯ ಹಿಂದೆ, ‘ಸಿಂಬಿ: ಅಮ್ಮ ಗಡಿಗೆಯ ಕೆಳಗೆ ಇಡುತ್ತಿದ್ದದ್ದು. ಇದೂ ಅದೇ’ ಎಂದಿತ್ತು. ನಾನು ಆಗ ಹೇಳಿದ ಹೋಲಿಕೆ ಯಾರದೆಂಬುದು ಈಗ ತಿಳಿಯಿತಲ್ಲವೆ?

ಮನೆಯಿಂದ ಪತ್ರ ಬಾರದೆ, ಮಾತಿಗೆ ಕನ್ನಡದವರಿಲ್ಲದೆ, ಅಣ್ಣ ಆ ಪಾನಗೃಹದ ಮೂಲೆಯಲ್ಲಿ ಕುಳಿತು ತನ್ನ ಪದಗಳನ್ನು ಎಣಿಸಿಕೊಳ್ಳುತ್ತಿದ್ದ. ನಾನು ಅದೇ ವರ್ಷಗಳಲ್ಲಿ ಅದೇ ಪದಗಳ ವ್ಯುತ್ಪತ್ತಿಯನ್ನು ಕರಿಹಲಗೆಯ ಮೇಲೆ ಬರೆದು ಸಂಬಳ ಪಡೆಯುತ್ತಿದ್ದೆ. ಒಂದು ಕಾರ್ಡು ಹಾಕಿದ್ದರೆ ಕೆಮ್ಮಣ್ಣಿಗಾಗಿ ಅವನು ನಾಲ್ಕು ದಿನ ತಡಕಾಡಬೇಕಾಗಿರಲಿಲ್ಲ. ತಾಯಿ ತೀರಿಕೊಂಡಾಗ ಅವನು ಬಂದು ಹದಿಮೂರು ದಿನ ಇದ್ದ. ಮಾತು ಕಡಿಮೆಯಾಡಿದ. ಅವನು ಬಿಗುಮಾನದಿಂದ ಸುಮ್ಮನಿದ್ದಾನೆಂದು ನಾನು ಎಣಿಸಿದ್ದೆ. ಪದ ತಪ್ಪೀತೆಂದು ತಮ್ಮನಾದ ಕನ್ನಡ ಮೇಷ್ಟರ ಮುಂದೆ ಅಳುಕಿದ್ದನೋ ಏನೋ, ಈಗ ಕೇಳುವಂತಿಲ್ಲ.

ಅವನ ಮಗಳನ್ನು ದೂರವಾಣಿಯಲ್ಲಿ ಒಂದು ಮಾತು ಕೇಳಿದೆ: ಅಪ್ಪ ಬಹಳ ಕುಡಿಯುತ್ತಿದ್ದನೇ? ಅವಳು ನಕ್ಕಳು. “ಒಂದು ಅರ್ಧ ಲೋಟವನ್ನು ಎರಡು ಗಂಟೆ ಹಿಡಿದು ಕೂರುತ್ತಿದ್ದರು. ಅಲ್ಲಿ ಬೆಂಕಿಯ ಕಾವಿತ್ತು, ಜನರಿದ್ದರು, ಅದಕ್ಕೆ ಹೋಗುತ್ತಿದ್ದರು” ಎಂದಳು.

ಇದರಿಂದ ನಮ್ಮ ತಂದೆಯವರು ತಪ್ಪೆಂದು ನಾನು ತೀರ್ಪು ಕೊಡಲಾರೆ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಬೀದಿಯಲ್ಲಿಯೇ ಇವೆ. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾದಾಗ ಎಷ್ಟೋ ಹೆಂಗಸರು ನಿಟ್ಟುಸಿರು ಬಿಟ್ಟುದನ್ನು ನಾನು ಕಂಡಿದ್ದೇನೆ. ತಂದೆಯವರಿಗೆ ಲೋಟವೆಂದರೆ ಕಳೆದುಹೋದ ಎರಡೆಕರೆ ಗದ್ದೆ. ಅವರಿಗೆ ಅದರಾಚೆ ಕಾಣುವುದು ಸಾಧ್ಯವಿರಲಿಲ್ಲ. ನನಗೆ ಸಾಧ್ಯವಿತ್ತು. ಲೋಟವನ್ನು ಕಂಡು ಮುಖ ತಿರುಗಿಸಿದ ನಾನು ಅದರ ಕೆಳಗಿನ ಬಿಲ್ಲೆಯನ್ನು ಮಗುಚಿ ನೋಡಬಹುದಿತ್ತು. ತರಗತಿಯಲ್ಲಿ ಪುಟ ತಿರುವಿದಂತೆಯೇ ಮನೆಯಲ್ಲಿಯೂ ತಿರುವಿಬಿಟ್ಟೆ.

ಈಗ ನಾನು ಅಣ್ಣನ ಮಗಳಿಗೆ ಪತ್ರ ಬರೆಯುತ್ತಿದ್ದೇನೆ, ಬಿಲ್ಲೆಗೊಂದು ಪತ್ರ. ಪದವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಓದುವ ಬಗೆಯನ್ನು ತಿಳಿಸಿ, ಆ ವಸ್ತು ನಮ್ಮ ಮನೆಯಲ್ಲಿ ಎಲ್ಲಿತ್ತು, ಯಾರು ಬಳಸುತ್ತಿದ್ದರು ಎಂಬುದನ್ನು ವಿವರಿಸುತ್ತೇನೆ. ಅವಳು ಉತ್ತರದಲ್ಲಿ ಆ ಪದವನ್ನು ತಿದ್ದಿ ಬರೆದು ಕಳುಹಿಸುತ್ತಾಳೆ. ಹತ್ತೊಂಬತ್ತು ಬಿಲ್ಲೆಗಳು ಮುಗಿದಿವೆ, ತೊಂಬತ್ತಮೂರು ಉಳಿದಿವೆ. ವಾರಕ್ಕೊಂದರಂತೆ ಸುಮಾರು ಎರಡು ವರ್ಷದ ಕೆಲಸ. ಆರೋಗ್ಯವಿದ್ದರೆ ಮುಗಿದೀತು.

ಕೇಳುಗರಲ್ಲಿ ನನ್ನದೊಂದು ವಿನಂತಿ. ಹಿರಿಯರು ತೀರಿಕೊಂಡ ಮನೆಗಳಲ್ಲಿ ಕಪಾಟು ಶುಚಿಮಾಡುವಾಗ ಹಳೆಯ ಬಸ್ಸಿನ ಚೀಟಿ, ಬೆಂಕಿಪೊಟ್ಟಣದ ಲೇಬಲ್ಲು, ಲಗ್ನಪತ್ರಿಕೆ, ಅಂಗಡಿಯ ರಸೀದಿಗಳು ಸಿಗುತ್ತವೆ. ಎಸೆಯಬೇಡಿರೆಂದು ನಾನು ಹೇಳುವುದಿಲ್ಲ; ಮನೆಯೆಲ್ಲ ವಸ್ತುಸಂಗ್ರಹಾಲಯವಾಗಲು ಸಾಧ್ಯವಿಲ್ಲ. ಎಸೆಯುವ ಮೊದಲು ಒಮ್ಮೆ ಹಿಂಬದಿಯನ್ನು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಎಸೆಯಿರಿ. ಇದ್ದರೆ, ಬರೆದವರು ಇನ್ನೂ ಬದುಕಿದ್ದರೆ, ಇಂದೇ ಒಂದು ಕಾರ್ಡು ಹಾಕಿ.